ಕಬ್ಬಿಣದ ಅರಳಿ ಎಲೆ

ನನ್ನ ಮಗಳಿಗೆ ಕೂರಲು ಒಂದು ಜಾಗ ಬೇಕಿತ್ತು. ಬೇರೇನನ್ನೂ ಅವಳು ಕೇಳಿರಲಿಲ್ಲ.

ಅವಳ ಹೆಸರು ಪ್ರಿಯದರ್ಶಿನಿ. ನಮ್ಮ ಬಾಯಲ್ಲಿ ಪ್ರಿಯಾ. ಇಂದಿರಾನಗರದ ದೊಡ್ಡ ರಸ್ತೆಯ ಮೇಲಿನ ಒಂದು ಗಾಜಿನ ಕಟ್ಟಡದಲ್ಲಿ ಹೌಸ್‌ಕೀಪಿಂಗ್ ಕೆಲಸ. ಹೌಸ್‌ಕೀಪಿಂಗ್ ಅಂದರೆ ಕಸ ಗುಡಿಸುವುದು, ನೆಲ ಒರೆಸುವುದು, ಕಕ್ಕಸು ತೊಳೆಯುವುದು. ಬೆಳಿಗ್ಗೆ ಒಳಗೆ ಹೋದರೆ ಸಂಜೆಯವರೆಗೆ ಕೂರುವಂತಿಲ್ಲ. ಒಳಗೆ ಸೋಫಾಗಳಿವೆ. ಗಾಲಿ ಕುರ್ಚಿಗಳಿವೆ. ಸುಸ್ತಾದವರು ತೂಗಿಕೊಳ್ಳಲಿ ಅಂತ ಒಂದು ಉಯ್ಯಾಲೆಯೂ ಇದೆ. ಅವನ್ನೆಲ್ಲ ಒರೆಸುವವಳು ಅವಳೇ. ಒರೆಸಿ ಒಂದು ಗಳಿಗೆ ಕೂತರೆ ಕ್ಯಾಮೆರಾದಲ್ಲಿ ಕಾಣುತ್ತದೆ. ಸೂಪರ್‌ವೈಸರ್ ಸುನೀಲನ ಫೋನು ಬರುತ್ತದೆ. "ಪ್ರಿಯಾ, ಎದ್ದೇಳು."

ಕಟ್ಟಡದ ಹೊರಗೆ, ಫುಟ್‌ಪಾತಿನ ಅಂಚಿಗೆ, ಮೊಣಕಾಲೆತ್ತರದ ಕಲ್ಲಿನ ಕಟ್ಟೆಯೊಂದಿತ್ತು. ಮೇಲೆ ಹೊಂಗೆ ಮರದ ನೆರಳು. ಮಧ್ಯಾಹ್ನ ಕೆಲಸದ ಹೆಂಗಸರು ಅಲ್ಲಿ ಸಾಲಾಗಿ ಕೂತು ಡಬ್ಬಿ ಬಿಚ್ಚುತ್ತಿದ್ದರು. ಊಟ ತಲುಪಿಸುವ ಹುಡುಗರು ಬೈಕು ನಿಲ್ಲಿಸಿ ಅಲ್ಲೇ ಬೆನ್ನು ಚಾಚುತ್ತಿದ್ದರು. ಹೂವಿನ ಬುಟ್ಟಿಯ ಮುದುಕಿ ಬುಟ್ಟಿ ಇಳಿಸಿ ಕೂರುತ್ತಿದ್ದಳು.

ಕೆಲಸಕ್ಕೆ ಸೇರಿದ ಮೊದಲ ದಿನ ಮನೆಗೆ ಬಂದವಳೇ ಹೇಳಿದ್ದು ಅದನ್ನು. "ಯವ್ವಾ, ಅಲ್ಲಿ ಒಂದು ಕಟ್ಟಿ ಅದ. ಯಾರು ಬೇಕಾದ್ರೂ ಕುಂದ್ರಬಹುದು. ಯಾರೂ ಏನೂ ಕೇಳಂಗಿಲ್ಲ."

ನಮಗೆ ಇದು ಸಣ್ಣ ಮಾತಲ್ಲ.

ನಾವು ಯಾದಗಿರಿ ಕಡೆಯವರು. ಊರೂರು ತಿರುಗುವ ಕಮ್ಮಾರರು. ಊರ ಹೊರಗಿನ ಬಯಲಲ್ಲಿ ಗುಡಾರ ಹಾಕಿ, ನೆಲದಲ್ಲಿ ಗುಂಡಿ ತೋಡಿ ಕುಲುಮೆ ಹೂಡುತ್ತಿದ್ದೆವು. ಊರೊಳಗೆ ಅರಳಿಕಟ್ಟೆ ಇರುತ್ತಿತ್ತು. ಒಂದು ಊರಲ್ಲಿ ನನ್ನ ಮಾವ ಜ್ವರ ಬಂದು ನಡೆಯಲಾಗದೆ ಆ ಕಟ್ಟೆಯ ಮೇಲೆ ಕೂತುಬಿಟ್ಟರು. ಊರವರು ಕೊಡಗಟ್ಟಲೆ ನೀರು ತಂದು ಸುರಿದರು. ಮಾವನನ್ನು ತೊಳೆದದ್ದಲ್ಲ, ಕಟ್ಟೆಯನ್ನು ತೊಳೆದದ್ದು. ಮಾವ ಏಳುವವರೆಗೂ ಕಾಯಲಿಲ್ಲ ಅಷ್ಟೆ.

ಆ ಮಾವನ ಮೊಮ್ಮಗಳು ಬೆಂಗಳೂರಲ್ಲಿ ಕಲ್ಲಿನ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಾಳೆ ಅಂತ ಕೇಳಿ ನನ್ನ ಗಂಡ ಭಗವಂತರಾಯ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. ಆಮೇಲೆ "ನೆರಳು ಅದ ಏನವ್ವ ಅಲ್ಲಿ?" ಅಂತ ಕೇಳಿದರು. "ಅದ ಅಪ್ಪಾ" ಅಂದಳು. ಅವರಿಗೆ ಸಾಕಾಯಿತು.

ಈಗ ನಾವಿರುವುದು ಬೈಯಪ್ಪನಹಳ್ಳಿಯಲ್ಲಿ. ರೈಲು ಹಳಿಯ ಪಕ್ಕದ ಓಣಿ. ಒಂದು ಬಾಡಿಗೆ ಕೋಣೆ, ಅದರ ಮುಂದೆ ತಗಡಿನ ಚಪ್ಪರ, ಚಪ್ಪರದ ಕೆಳಗೆ ಕುಲುಮೆ. ಪಕ್ಕದ ಕೋಣೆಯಲ್ಲಿ ಮಗಳು, ಅಳಿಯ ಭೀಮು. ಶಿವಾಜಿನಗರದ ಗುಜರಿಯಲ್ಲಿ ಮುನೀರ್ ಸಾಬರ ಅಂಗಡಿಯಿದೆ. ಮುರಿದ ಲಾರಿಯ ಕಮಾನು ಪಟ್ಟಿ, ಆಟೋದ ಆಕ್ಸಲ್, ಹಳೇ ಮನೆಗಳಿಂದ ಕಿತ್ತ ಕಿಟಕಿ ಸರಳು ಅಲ್ಲಿಂದ ತರುತ್ತೇವೆ. ಕಾಸಿ ಬಡಿದು ಈಳಿಗೆ, ಎಳನೀರು ಮಚ್ಚು, ರೊಟ್ಟಿ ಹಂಚು, ಸೌಟು, ಬಾಗಿಲ ಚಿಲಕ ಮಾಡುತ್ತೇವೆ. ಬೇರೆಯವರು ತೂಕಕ್ಕೆ ಹಾಕಿದ್ದು ನಮ್ಮಲ್ಲಿ ಮತ್ತೆ ಅಡುಗೆಮನೆ ಸೇರುತ್ತದೆ.

ನಮ್ಮವರಲ್ಲಿ ಇಕ್ಕಳ, ಸಣ್ಣ ಸುತ್ತಿಗೆ ಗಂಡಸಿನದು. ದೊಡ್ಡ ಸಮ್ಮಟಿಗೆ ಹೆಂಗಸಿನದು. ಗಂಡ ಕೂತು, ಕೆಂಪಗೆ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಹಿಡಿಯುತ್ತಾನೆ. ಸಣ್ಣ ಸುತ್ತಿಗೆಯಿಂದ ತಟ್ಟಿ ಜಾಗ ತೋರಿಸುತ್ತಾನೆ. ಹೆಂಡತಿ ನಿಂತು ಅಲ್ಲಿಗೇ ಹೊಡೆಯುತ್ತಾಳೆ. ಮದುವೆಯಾಗಿ ಬಂದ ವಾರದಿಂದ ನಾನು ನಿಂತಿದ್ದೇನೆ. ಪ್ರಿಯಾ ಹೊಟ್ಟೆಯಲ್ಲಿದ್ದಾಗಲೂ ನಿಂತಿದ್ದೆ. ಆದರೆ ಕಬ್ಬಿಣ ಮತ್ತೆ ಬೆಂಕಿಗೆ ಹೋದ ಕೂಡಲೇ ಅತ್ತೆ ನನ್ನ ತೋಳು ಹಿಡಿದು ಕೂರಿಸುತ್ತಿದ್ದರು. "ಕಬ್ಬಿಣ ಕಾಯೋತನ ಕುಂದ್ರವ್ವ, ಅದಕ್ಕೇನು ಅವಸರ ಇಲ್ಲ" ಅನ್ನುತ್ತಿದ್ದರು. ಹಾಗೆ ಕೂತು ಕೂತು ಅವಳನ್ನು ಹೆತ್ತೆ.

ಇನ್ನೊಂದು ಪದ್ಧತಿ. ಯಾರು ಏನು ಮಾಡಿಸಲು ಬಂದರೂ ನನ್ನ ಗಂಡ ಮೊದಲು ಕೇಳುವುದು "ಯಾರ ಕೈಗೆ?" ಹಲಸೂರಿನ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಅಜ್ಜಿಯ ಕುಡುಗೋಲಿನ ಹಿಡಿ ಬೇರೆ, ಎಡಗೈಯಲ್ಲಿ ಕೊಚ್ಚುವ ಎಳನೀರಿನವನ ಮಚ್ಚಿನ ಹಿಡಿ ಬೇರೆ. ಕೈ ನೋಡದೆ, ಮುಟ್ಟದೆ, ಅವರು ಬೆಂಕಿ ಹೊತ್ತಿಸಿದವರಲ್ಲ.

ಅಂಜಲಿ ಮೇಡಂ ಬಂದಾಗಲೂ ಕೇಳಿದರು.

ಮೇಡಂ ದಾವಣಗೆರೆಯವರು. ಇಂದಿರಾನಗರದಲ್ಲಿ ಡಿಸೈನ್ ಸ್ಟುಡಿಯೋ ಇಟ್ಟಿದ್ದಾರೆ. ಮೆತ್ತನೆ ಮಾತು. ನಮ್ಮ ಲೋಟದಲ್ಲೇ ಚಹಾ ಕುಡಿದರು. ಚಪ್ಪರಕ್ಕೆ ನೇತುಹಾಕಿದ್ದ ಸೌಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ನಂಗೆ ಅರಳಿ ಎಲೆ ಬೇಕು" ಎಂದರು. "ತುಂಬಾ ಬೇಕು. ಇಷ್ಟಿಷ್ಟು ದೊಡ್ಡದು. ಹಳೇ ಕಬ್ಬಿಣದಲ್ಲೇ ಆಗ್ಬೇಕು, ಅದೇ ಅದರ ಬ್ಯೂಟಿ."

"ಯಾರ ಕೈಗೆ ಮೇಡಂ?"

"ಯಾರ ಕೈಗೂ ಅಲ್ಲ!" ಮೇಡಂ ನಕ್ಕರು. "ಸುಮ್ನೆ ನೋಡೋಕೆ. ನೀವು ಆರ್ಟಿಸ್ಟ್, ಭಗವಂತರಾಯ್ ಅವರೇ. ಎಷ್ಟು ದಿನ ಅಂತ ಮಚ್ಚು ಮಾಡ್ಕೊಂಡಿರ್ತೀರಾ?"

ಆ ರಾತ್ರಿ ನನ್ನ ಗಂಡ ರೊಟ್ಟಿ ಮುರಿದು ಕೈಯಲ್ಲೇ ಇಟ್ಟುಕೊಂಡು ಕೂತಿದ್ದರು. "ಸಾಬವ್ವ, ಬರೇ ನೋಡಲಿಕ್ಕ ಅಂತ ನಮ್ಮಪ್ಪನೂ ಏನೂ ಮಾಡಿಲ್ಲ, ಅವರಪ್ಪನೂ ಮಾಡಿಲ್ಲ" ಅಂದರು. ಯಾವ ಕೈಗೂ ಹೋಗದ ವಸ್ತು ಯಾರಿಗೂ ನೋವು ಮಾಡುವುದಿಲ್ಲ ಅಂದುಕೊಂಡೆವು. ಮಚ್ಚು ಮಾಡುವವರು ಮಾತ್ರ ಹಾಗೆ ಅಂದುಕೊಳ್ಳಲು ಸಾಧ್ಯ.

ಅರಳಿ ಎಲೆಗೆ ಬಾಲದಂಥ ಉದ್ದ ತುದಿಯಿರುತ್ತದೆ. ಅದನ್ನು ಬಡಿದು ಎಳೆಯುವುದು ಸುಲಭವಲ್ಲ. ಕಮಾನು ಪಟ್ಟಿ ಗಟ್ಟಿ. ಎರಡು ಹೊಡೆತ ಹೆಚ್ಚಾದರೆ ತುದಿ ಸೀಳುತ್ತದೆ, ಕಡಿಮೆಯಾದರೆ ಎಲೆ ಸೌಟಿನಂತೆ ಕಾಣುತ್ತದೆ. ಅಗಲ ಮಾಡುವ ಹೊಡೆತ ನನ್ನದು. ನರ ಮೂಡಿಸುವ ಚಾಣ ಅವರದ್ದು. ನಡುನರದ ಎಡಕ್ಕೆ ಒಂದು ಸಣ್ಣ ನರವನ್ನು ಅವರು ಅರ್ಧಕ್ಕೇ ನಿಲ್ಲಿಸುತ್ತಿದ್ದರು. "ಹುಳ ತಿಂದಂಗ ಇರಲಿ. ಹುಳ ಮುಟ್ಟದ ಎಲಿ ಎಲ್ಲದ?" ಅನ್ನುತ್ತಿದ್ದರು. ಮುನೀರ್ ಸಾಬರು ಒಂದು ದಿನ ಲೋಡು ಇಳಿಸಲು ಬಂದವರು ಎಲೆ ಎತ್ತಿ ನೋಡಿ, "ಅರೆ ರಾಯರೇ, ನನ್ ಲಾರಿ ಪಟ್ಟೀನೇನ್ರೀ ಇದು? ಇನ್ಮೇಲೆ ಹೂವಿನ ರೇಟಿಗೆ ಕೊಡ್ತೀನಿ ತಗೊಳ್ಳಿ" ಅಂದರು. ನನ್ನ ಗಂಡ ಹುಡುಗನಂತೆ ನಾಚಿಕೊಂಡರು.

ಮೇಡಂ ಮೊದಲ ಎಲೆ ನೋಡಿ ಎರಡು ತಿದ್ದುಪಡಿ ಹೇಳಿದರು. ಎಲೆ ಮಲಗಬಾರದು, ಬುಡದಿಂದ ಎದ್ದು ನಿಂತಿರಬೇಕು. ತುದಿ ಇನ್ನೂ ಸ್ವಲ್ಪ ಚೂಪಾಗಲಿ.

"ಮಕ್ಕಳು ಮುಟ್ಟಿದರೆ ಚುಚ್ಚತದಲ್ಲ ಮೇಡಂ?" ಅಂತ ನಾನು ಕೇಳಿದೆ.

"ಅಲ್ಲಿ ಮಕ್ಕಳು ಬರಲ್ಲ ಸಾಬಮ್ಮ."

ಫೋಟೋ ತೆಗೆಸಿದರು. ಅಡಿಗಲ್ಲು, ಬೆಂಕಿ, ನನ್ನ ಗಂಡ. "ನೀವೊಂದು ಸ್ವಲ್ಪ ಆ ಕಡೆ ಬರ್ತೀರಾಮ್ಮ?" ಎಂದರು ನನಗೆ. ಸಮ್ಮಟಿಗೆ ಹಿಡಿದುಕೊಂಡೇ ಆ ಕಡೆ ಹೋದೆ. ಎಲೆಗಳನ್ನು ಸ್ಟುಡಿಯೋದವರೇ ಟೆಂಪೋದಲ್ಲಿ ಒಯ್ದರು. ಎಲ್ಲಿ ನೆಡುತ್ತಾರೆ ಅಂತ ನಮಗೆ ತಿಳಿಯಲಿಲ್ಲ.

ಆಗ ಪ್ರಿಯಾಗೆ ನಾಲ್ಕನೇ ತಿಂಗಳು.

ಸ್ವಲ್ಪ ದಿನಕ್ಕೆ ಅವಳ ಕಾಲು ಬಾತುಕೊಳ್ಳತೊಡಗಿದವು. ಸಂಜೆ ಬಂದವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದೆ. ಬೆರಳಿಟ್ಟರೆ ಗುಳಿ ಬೀಳುತ್ತಿತ್ತು. ಗುಳಿ ಮತ್ತೆ ತುಂಬಲು ಹೊತ್ತು ಹಿಡಿಯುತ್ತಿತ್ತು.

"ಮಧ್ಯಾಹ್ನ ಕಟ್ಟಿ ಮ್ಯಾಲ ಕುಂತು ಉಣ್ಣತಿ ಇಲ್ಲೋ?" ಅಂತ ಕೇಳಿದೆ.

ಅವಳ ಅಪ್ಪ ಅಲ್ಲೇ ಕೂತು ಮಚ್ಚಿಗೆ ಹಿಡಿ ಕೂರಿಸುತ್ತಿದ್ದರು. ಅವಳು ಒಮ್ಮೆ ಅವರ ಕಡೆ ನೋಡಿದಳು.

"ಕುಂದ್ರತೀನಿ ಯವ್ವಾ. ಬಸರಿ ಕಾಲು ಹಿಂಗೇ ಅಲ್ಲೇನು?"

ಒಂದು ದಿನ ಯೂನಿಫಾರಂ ಹಿಂದೆ ಹರಿದುಕೊಂಡು ಬಂದಳು. ಮೊಳೆಗೆ ಸಿಕ್ಕಿತು ಅಂದಳು. ಹೊಲಿದು ಕೊಟ್ಟೆ.

ಏಳನೇ ತಿಂಗಳಲ್ಲಿ, ಕೆಲಸದಲ್ಲಿದ್ದಾಗಲೇ, ನೋವು ಬಂತು. ಆಟೋದಲ್ಲಿ ಆಸ್ಪತ್ರೆಗೆ ಹಾಕಿದರು. ನಾನು ಹೋಗಿ ಮುಟ್ಟುವ ಹೊತ್ತಿಗೆ ಹೆರಿಗೆ ಆಗಿತ್ತು. ಹೆಣ್ಣು ಕೂಸು. ಅಳಲಿಲ್ಲ. ಡಾಕ್ಟರಮ್ಮ ಕೇಳಿದ್ದು "ಏನು ಕೆಲಸ? ಎಷ್ಟು ಹೊತ್ತು ನಿಂತಿರ್ತಾಳೆ?" ಪ್ರಿಯಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ಅಲ್ಲೊಂದು ಕಟ್ಟೆ ಇದೆ ಡಾಕ್ಟರೇ, ಕೂರುತ್ತಾಳೆ" ಅಂತ ನಾನೇ ಹೇಳಿದೆ.

ಕೂಸು ಹೋದರೂ ಹಾಲು ಬಂತು. ದೇಹಕ್ಕೆ ಯಾರು ಹೇಳಬೇಕು? ಎದೆ ಕಲ್ಲಾಯಿತು. ಜ್ವರ ಬಂತು. ಮಲ್ಲಿಗೆ ಹೂ ಕಟ್ಟಿದರೆ ಹಾಲು ಬತ್ತುತ್ತದೆ ಅಂತ ನಮ್ಮ ಕಡೆ ಮಾಡುತ್ತಾರೆ. ಹಲಸೂರಿಗೆ ಹೋಗಿ ಮಲ್ಲಿಗೆ ತಂದೆ. ಹೂವಿನವಳು "ಇಷ್ಟೊಂದು ಹೂವಾ? ಮನೇಲೇನಕ್ಕ ಫಂಕ್ಷನ್ನು?" ಅಂತ ನಗುತ್ತಾ ಕೇಳಿದಳು. ಹೂಂ ಅಂದೆ. ಮಗಳ ಎದೆಯ ಮೇಲೆ ಹೂ ಹರಡಿ, ಹಳೇ ಸೀರೆಯ ಪಟ್ಟಿ ಸುತ್ತಿ, ಬಿಗಿಯಾಗಿ ಕಟ್ಟಿದೆ. ಅವಳು ಹಲ್ಲು ಕಚ್ಚಿಕೊಂಡಳು. ಕೋಣೆಯೆಲ್ಲ ಮದುವೆಮನೆಯ ವಾಸನೆ.

ಇವತ್ತು ಇಲ್ಲಿಯವರೆಗೆ ಬರೆದು ಎದ್ದುಹೋಗಿ ಅವಳಿಗೆ ಗಂಜಿ ಕುಡಿಸಿ ಬಂದೆ. ಅರ್ಧ ಲೋಟ ಕುಡಿದಳು.

ಸುನೀಲ ಫೋನು ಮಾಡಿದ. "ಆಂಟಿ, ಬೇಜಾರ್ ಮಾಡ್ಕೋಬೇಡಿ. ಬದಲಿ ಯಾರನ್ನಾದ್ರೂ ಕಳಿಸಿ. ಇಲ್ಲಾಂದ್ರೆ ಏಜೆನ್ಸಿಯವ್ರು ಪ್ರಿಯಾ ಹೆಸ್ರು ತೆಗೆದ್ಬಿಡ್ತಾರೆ." ಅವನೂ ಹೇಳಿಸಿಕೊಂಡು ಹೇಳುವವನೇ. ಮಗಳ ಯೂನಿಫಾರಂ ಹಾಕಿಕೊಂಡು ನಾನು ಹೋದೆ. ಪ್ರಿಯಾ ಬೇಡ ಅಂದಳು. ಕೈ ಹಿಡಿದುಕೊಂಡಳು. "ನೀ ಹೋಗಬ್ಯಾಡ ಯವ್ವಾ, ಕೆಲಸ ಹೋದ್ರ ಹೋಗಲಿ." ನನ್ನ ಮೇಲಿನ ಕರುಣೆ ಅಂದುಕೊಂಡೆ.

ಹಿಂದಿನ ಗೇಟಿನಿಂದ ಒಳಗೆ ಬಿಟ್ಟರು. ಎರಡು ಮಹಡಿ ಒರೆಸಿದೆ. ಮಧ್ಯಾಹ್ನ ಶಿರೀನ್ ಎಂಬ ಹುಡುಗಿ ನನ್ನ ಡಬ್ಬಿಯನ್ನೂ ತಾನೇ ಎತ್ತಿಕೊಂಡು ಮುಂಭಾಗಕ್ಕೆ ಕರೆದುಕೊಂಡು ಹೋದಳು. ಪ್ರಿಯಾಳ ಗೆಳತಿ ಅವಳು. ಆಟೋ ಹತ್ತಿಸಿ ಆಸ್ಪತ್ರೆಗೆ ಹಾಕಿದವಳೂ ಅವಳೇ.

"ಬನ್ನಿ ಆಂಟಿ, ಇದೇ ನಮ್ ಡೈನಿಂಗ್ ಹಾಲ್. ಮೊದ್ಲು ಸೀಟ್ ಇತ್ತು. ಈಗ ಬಿಎಂಟಿಸಿ ತರ, ಸ್ಟ್ಯಾಂಡಿಂಗ್ ಮಾತ್ರ."

ಹೆಂಗಸರು ನಕ್ಕರು. ನಾನು ಕಟ್ಟೆ ನೋಡಿದೆ.

ಕಟ್ಟೆಯ ತುಂಬ ಅರಳಿ ಎಲೆಗಳು ಎದ್ದು ನಿಂತಿದ್ದವು. ಈ ತುದಿಯಿಂದ ಆ ತುದಿಯವರೆಗೆ. ಸಿಮೆಂಟಿನಲ್ಲಿ ಬುಡ ಹೂತು, ತುದಿ ಮೇಲೆ ಮಾಡಿ. ಒಂದು ಎಲೆಗೂ ಇನ್ನೊಂದಕ್ಕೂ ನಡುವೆ ಒಂದು ಅಂಗೈ ಜಾಗ. ಕೋಳಿ ಕೂರಬಹುದು, ಮನುಷ್ಯರು ಕೂರಲಾಗದು. ಬಿಸಿಲು ಬಿದ್ದು ಹೊಳೆಯುತ್ತಿದ್ದವು. ಚೆಂದವಾಗಿದ್ದವು. ಆ ಮಾತಲ್ಲಿ ಸುಳ್ಳು ಹೇಳಲಾರೆ.

ನಡುನರದ ಎಡಕ್ಕೆ ಅರ್ಧಕ್ಕೆ ನಿಂತ ನರ. ಬುಡದಲ್ಲಿ ಅಗಲವಾಗಿ ಹರಡಿದ ನನ್ನ ಹೊಡೆತ. ಹೆತ್ತ ಮಗುವಿನ ಮುಖದಷ್ಟು ಗುರುತು.

ಕೂರೋಣ ಅಂದರೆ ಎಲ್ಲಿ ಕೂರಲಿ? ಕೆಳಗೆ ಫುಟ್‌ಪಾತಿನ ಮೇಲೆ ಕುಕ್ಕರಿಸಹೋದೆ. ಗೇಟಿನ ಸೆಕ್ಯುರಿಟಿ ಶೇಖರಪ್ಪ ಓಡಿಬಂದ. ವಯಸ್ಸಾದವನು. "ಏಳಮ್ಮ, ಏಳು. ಬಿಲ್ಡಿಂಗ್ ಮುಂದೆ ನೆಲದಲ್ಲಿ ಕೂತ್ರೆ ಚೆನ್ನಾಗಿ ಕಾಣಲ್ಲ ಅಂತ ನಂಗೆ ಬೈತಾರೆ."

"ಹೂಂ, ಎಲ್ಲ ಚೆನ್ನಾಗಿ ಕಾಣ್ಬೇಕಿವ್ರಿಗೆ" ಅಂದಳು ಶಿರೀನ್. ಡಬ್ಬಿಯ ಮುಚ್ಚಳ ತೆಗೆದು ನಿಂತೇ ತಿನ್ನತೊಡಗಿದಳು. "ಪ್ರಿಯಾ ಒಂದಿನ ಎರಡು ಎಲೆ ಮಧ್ಯೆ ಕೂರೋಕೆ ನೋಡಿದ್ಲು ಆಂಟಿ. ಪಾಪ, ಹೊಟ್ಟೆ ಬೇರೆ. ಬಟ್ಟೆ ಹರಿದೋಯ್ತು. ಆಮೇಲಿಂದ ಅವ್ಳೂ ನಿಂತೇ. ಇದನ್ನ ಮಾಡ್ದೋನ್ ಕೈಗೆ ಹುಳ ಬೀಳ. ದಿನಾ ಇದೇ ಹೇಳ್ಕೊಂಡು ಊಟ ಮಾಡ್ತೀವಿ ನಾವು, ಬಿಸ್ಮಿಲ್ಲಾ ಥರ."

"ಪ್ರಿಯಾನೂ ಹೇಳ್ತಿದ್ದಳಾ?"

"ಅವ್ಳೆಲ್ಲಿ ಬೈತಾಳೆ? ಬಾಯೇ ಇಲ್ಲ ಅವ್ಳಿಗೆ. ಸುಮ್ನೆ ನಿಂತಿರೋಳು."

ನನ್ನ ಡಬ್ಬಿಯನ್ನು ಬಿಚ್ಚದೆ ಹಿಡಿದುಕೊಂಡೆ. ನಾನೂ ಸುಮ್ಮನೆ ನಿಂತೆ.

ಸಂಜೆ ಮನೆಗೆ ಬಂದು ಮಗಳ ಪಕ್ಕ ಕೂತೆ. ಎದೆಗೆ ಕಟ್ಟಿದ ಹೂ ಕಂದಿತ್ತು. ಬಿಚ್ಚಿ ಹೊಸ ಹೂ ಕಟ್ಟುತ್ತಾ ಕೇಳಿದೆ. "ನಿನಗ ಯಾವಾಗ ಗೊತ್ತಾಯ್ತು?"

ಅವಳು ಕಣ್ಣು ಮುಚ್ಚಿದಳು. "ನೆಟ್ಟ ದಿನಾನೇ. ಅಪ್ಪನ ಎಲಿ ನನಗ ಗೊತ್ತಾಗಂಗಿಲ್ಲೇನು?"

"ಹೇಳಬೇಕಿಲ್ಲೇನು ಮಗಳೇ?"

"ಹೆಂಗ ಹೇಳಲಿ? ಆ ಎಲಿ ಮಾಡೋಮುಂದ ಅಪ್ಪ ಹಾಡ್ಕೋತ ಮಾಡ್ತಿದ್ದ. ಅದಕ್ಕ ಮೊದಲ ನಾ ಹುಟ್ಟಿದಾಗಿಂದ ಅಪ್ಪ ಹಾಡಿದ್ದು ನಾ ಕೇಳೇ ಇರಲಿಲ್ಲ." ನನ್ನ ಸೆರಗು ಹಿಡಿದುಕೊಂಡಳು. "ನಿಂತರ ಏನಾಗ್ತದ, ಎರಡು ತಿಂಗಳ ಮಾತು ಅಂದ್ಕೊಂಡೆ. ಅಪ್ಪಗ ಹೇಳಬ್ಯಾಡ ಯವ್ವಾ. ನನ್ನ ಮ್ಯಾಲ ಆಣಿ ಮಾಡು."

ಆಣೆ ಮಾಡಿದೆ. ಅವಳ ತಲೆ ಮುಟ್ಟಿಯೇ ಮಾಡಿದೆ.

ಭಾನುವಾರ ಅಂಜಲಿ ಮೇಡಂ ಬಂದರು. ಸಿಹಿ ತಂದಿದ್ದರು. ನಮ್ಮ ಮನೆಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಕುಲುಮೆ ಉರಿಯುತ್ತಿತ್ತು. ಒಂದು ಈಳಿಗೆ ಆಗಷ್ಟೇ ಮುಗಿದಿತ್ತು.

"ಭಗವಂತರಾಯ್ ಅವರೇ, ಗುಡ್ ನ್ಯೂಸ್! ಕ್ಲೈಂಟ್‌ಗೆ ತುಂಬಾ ಇಷ್ಟ ಆಗಿದೆ. ಹಲಸೂರಲ್ಲಿ, ಕೆ.ಆರ್. ಪುರಂನಲ್ಲಿ ಅವರ ಬಿಲ್ಡಿಂಗ್‌ಗಳಿವೆ. ಅಲ್ಲೆಲ್ಲಾ ಬೇಕಂತೆ. ಈ ಸಲ ಎಲೆ ಸ್ವಲ್ಪ ಹತ್ತಿರ ಹತ್ತಿರ ಇರಲಿ ಅಂದಿದ್ದಾರೆ."

ನನ್ನ ಗಂಡನ ಮುಖ ನೋಡಿದೆ. ಮೊಮ್ಮಗಳನ್ನು ಮಣ್ಣಿಗಿಟ್ಟ ಮೇಲೆ ಮೊದಲ ಸಲ ಆ ಮುಖದಲ್ಲಿ ಏನೋ ಅಲುಗಿತು. ಮೇಡಂಗೆ ಉತ್ತರ ಕೊಡದೆ ಪಟ್ಟಿಯೊಂದನ್ನು ಬೆಂಕಿಗಿಟ್ಟರು. ಕೆಲಸವೇ ಅವರ ಹೂಂ. ಕಬ್ಬಿಣ ಕೆಂಪಾಯಿತು. ಇಕ್ಕಳದಲ್ಲಿ ಎತ್ತಿ ನನ್ನ ಕಡೆ ನೋಡಿದರು. ನಾನು ಸಮ್ಮಟಿಗೆ ಎತ್ತಬೇಕಿತ್ತು.

ಎತ್ತಲಿಲ್ಲ.

"ಸಾಬವ್ವ?"

ಸಮ್ಮಟಿಗೆಯನ್ನು ನೆಲಕ್ಕೆ ಹಾಕಿದೆ. ಹೋಗಿ ಅಡಿಗಲ್ಲಿನ ಮೇಲೆ ಕೂತೆ.

ಅಡಿಗಲ್ಲು ನಮಗೆ ತಾಯಿ. ಅದಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಅದರ ಮೇಲೆ ಯಾವ ಗಂಡಸೂ ಕೂತದ್ದಿಲ್ಲ, ಹೆಂಗಸಂತೂ ಹೇಳುವುದೇ ಬೇಡ. ಬಿಸಿಯಿತ್ತು. ಸೀರೆ ದಾಟಿ ತೊಡೆಗೆ ಬಿಸಿ ತಟ್ಟಿತು. ಕೂತೇ ಇದ್ದೆ.

"ಏಳು!" ಅವರು ಕೂಗಿದರು. ಅವರ ದನಿ ಒಡೆಯಿತು. "ಹುಚ್ಚು ಹಿಡೀತೇನು? ಏಳು ಮ್ಯಾಲ!"

"ಏಳಂಗಿಲ್ಲ."

ಮೇಡಂ ಎದ್ದು ನಿಂತರು. "ಏನಾಯ್ತು ಸಾಬಮ್ಮ?"

"ಆ ಎಲೆ ಯಾಕೆ ಮೇಡಂ? ಕೈಗೆ ಅಲ್ಲ ಅಂದಿರಿ. ಯಾತಕ್ಕೆ ಅಂತ ಇವರಿಗೆ ಹೇಳಿ."

"ಅಂದ್ರೆ... ಡೆಕೊರೇಟಿವ್. ಮತ್ತೆ, ಅಲ್ಲಿ ಯಾರ್ಯಾರೋ ಬಂದು ಕೂತ್ಕೊಳ್ತಾರೆ, ಊಟ ಮಾಡ್ತಾರೆ, ಗಲೀಜಾಗುತ್ತೆ. ಕೂರಬೇಡಿ ಅಂತ ಬೋರ್ಡ್ ಹಾಕಿದ್ರೆ ಒರಟಾಗಿ ಕಾಣುತ್ತಲ್ವಾ? ಇದು ಯಾರಿಗೂ ಏನೂ ಅನ್ನಲ್ಲ. ಚೆಂದಾನೂ ಇರುತ್ತೆ, ಕೆಲಸಾನೂ ಆಗುತ್ತೆ."

"ಯಾರ್ಯಾರೋ ಅಲ್ಲ ಮೇಡಂ. ಪ್ರಿಯಾ."

ನನ್ನ ಗಂಡನ ಇಕ್ಕಳದಲ್ಲಿ ಕಬ್ಬಿಣ ಇನ್ನೂ ಕೆಂಪಗಿತ್ತು. "ಯಾವ ಪ್ರಿಯಾ?" ಅಂತ ಕೇಳಿದರು. ತಮ್ಮ ಮಗಳ ಹೆಸರು ಅವರಿಗೆ ಆ ಗಳಿಗೆ ಗೊತ್ತಾಗಲಿಲ್ಲ.

"ಆಕಿ ಕುಂದ್ರತಿದ್ದ ಕಟ್ಟಿ ಮ್ಯಾಲ ನೆಟ್ಟಾರ" ಅಂದೆ. "ನಿಮ್ಮ ಎಲಿ. ನನ್ನ ಹೊಡತ. ನಾ ನೋಡಿ ಬಂದೀನಿ. ಮಧ್ಯಾಹ್ನ ಹೆಂಗಸರೆಲ್ಲ ನಿಂತು ಉಣ್ಣತಾರ. ಆಕಿನೂ ನಿಂತಳು. ಹೊಟ್ಟಿ ಹೊತ್ಕೊಂಡು ನಿಂತಳು. ನಿಮಗ ಗೊತ್ತಾಗಬಾರದು ಅಂತ ನಿಂತಳು."

ಕೋಣೆಯ ಬಾಗಿಲಲ್ಲಿ ಸದ್ದಾಯಿತು. ಪ್ರಿಯಾ ಗೋಡೆ ಹಿಡಿದುಕೊಂಡು ಬಂದು ನಿಂತಿದ್ದಳು. "ಯವ್ವಾ" ಅಂದಳು. ಅಷ್ಟೇ ಅಂದಳು. ಆಣೆ ಮುರಿದಿದ್ದೆ.

ಮೇಡಂ ಅವಳನ್ನು ನೋಡಿದರು. ಅವಳ ಎದೆಗೆ ಸುತ್ತಿದ ಬಟ್ಟೆ ನೋಡಿದರು. ಹೆಣ್ಣಲ್ಲವೇ, ಅರ್ಥವಾಯಿತು. ಅವರ ಕಣ್ಣು ತುಂಬಿದವು. "ಅಯ್ಯೋ, ನಿಮ್ಮ ಮಗಳು ಅಲ್ಲಿ ಕೆಲಸ ಮಾಡ್ತಾರೆ ಅಂತ ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ."

"ಗೊತ್ತಿದ್ದರೆ?"

ಅವರು ಯೋಚಿಸಿದರು. ಪ್ರಾಮಾಣಿಕವಾಗಿ ಯೋಚಿಸಿಯೇ ಹೇಳಿದರು. "ತುದಿ ಸ್ವಲ್ಪ ಮೊಂಡ ಮಾಡಿಸ್ತಿದ್ದೆ."

ನಾನು ಅಡಿಗಲ್ಲಿನಿಂದ ಏಳಲಿಲ್ಲ. "ಹೋಗಿ ಮೇಡಂ" ಅಂದೆ. "ಈ ಕಲ್ಲಿನ ಮೇಲೆ ಇನ್ನೊಂದು ಎಲೆ ಆಗಲ್ಲ. ನಾನು ಕೂತಿದ್ದೀನಿ. ನನ್ನನ್ನ ಎಬ್ಬಿಸಬೇಕಾದರೆ ನೀರು ಸುರಿಯಿರಿ."

ಅವರು ಹೋದರು. ಸಿಹಿಯ ಡಬ್ಬಿ ಬಿಟ್ಟುಹೋದರು. ನನ್ನ ಗಂಡ ಕಬ್ಬಿಣ ಹಿಡಿದುಕೊಂಡೇ ಕೂತಿದ್ದರು. ಅದು ಕೆಂಪಿನಿಂದ ಕಪ್ಪಾಯಿತು, ಬೂದಿ ಬಣ್ಣಕ್ಕೆ ತಿರುಗಿತು. ಕೆಳಗಿಡಬೇಕು ಅಂತ ಅವರಿಗೆ ತೋಚಲಿಲ್ಲ. ಪ್ರಿಯಾ ಹೋಗಿ ಇಕ್ಕಳವನ್ನು ಅವರ ಕೈಯಿಂದ ಬಿಡಿಸಿದಳು. ಅವರು ಮಗಳ ಮುಖ ನೋಡಲಿಲ್ಲ. ಅವಳ ಪಾದ ನೋಡಿದರು. ಬಾವು ಇನ್ನೂ ಇಳಿದಿರಲಿಲ್ಲ.

ಮಾರನೇ ದಿನ ನಾನು ಕೆಲಸಕ್ಕೆ ಹೋದೆ. ಮಧ್ಯಾಹ್ನ ಡಬ್ಬಿ ಹಿಡಿದು ಹೊರಗೆ ಬಂದರೆ ಕಟ್ಟೆಯ ಮುಂದೆ ನನ್ನ ಗಂಡ ಇದ್ದರು. ನಡೆದೇ ಬಂದಿದ್ದರು. ಕೈಯಲ್ಲಿ ಸಣ್ಣ ಸುತ್ತಿಗೆ. ಮೊದಲ ಎಲೆಯ ಮುಂದೆ ಬಗ್ಗಿ ಅದರ ತುದಿಗೆ ಬಡಿಯುತ್ತಿದ್ದರು.

ಎಲೆ ಒಂದಿಷ್ಟು ಬಾಗಿದಂತಾಗಿ ಮತ್ತೆ ಎದ್ದು ನಿಂತಿತು. ಮತ್ತೆ ಬಡಿದರು. ಮತ್ತೆ ಎದ್ದಿತು. ಲಾರಿಯ ಭಾರ ಹೊತ್ತ ಕಬ್ಬಿಣ. ಚೆನ್ನಾಗಿ ಕಾಸಿ, ಎಣ್ಣೆಯಲ್ಲಿ ಅದ್ದಿ, ಹದ ಕೊಟ್ಟವರು ಅವರೇ. ಬೆಂಕಿಯಿಲ್ಲದೆ ಅದು ಬಾಗುವುದಿಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬಡಿಯುತ್ತಿದ್ದರು.

ಶೇಖರಪ್ಪ ಓಡಿಬಂದು ಅವರ ತೋಳು ಹಿಡಿದ. "ಬೇಡ ಯಜಮಾನ್ರೇ, ಬೇಡ. ಪೊಲೀಸ್ ಕರೀತಾರೆ. ನಂದೂ ಕೆಲಸ ಹೋಗುತ್ತೆ." ಸುತ್ತಿಗೆ ಕಿತ್ತುಕೊಂಡ. ಅವರು ಬಿಟ್ಟುಕೊಟ್ಟರು.

"ಯಾರು ಆಂಟಿ ಇವ್ರು?" ಅಂತ ಶಿರೀನ್ ಕೇಳಿದಳು. ನಾನು ಹೇಳುವ ಮೊದಲೇ ಅವರು ಹೆಂಗಸರ ಕಡೆ ತಿರುಗಿದರು.

"ಇವನ್ನ ಮಾಡಿದಾವ ನಾನೇ ನೋಡ್ರವ್ವ. ನಾನೇ. ಪ್ರಿಯಾನ ಅಪ್ಪ."

ಶಿರೀನ್ ಕೈಯಲ್ಲಿದ್ದ ತುತ್ತು ಡಬ್ಬಿಗೆ ಬಿತ್ತು. ಅವರನ್ನು ನೋಡಿದಳು, ನನ್ನನ್ನು ನೋಡಿದಳು. "ಪ್ರಿಯಾಗೆ ಗೊತ್ತಿತ್ತಾ?"

"ಗೊತ್ತಿತ್ತು" ಅಂದೆ.

"ನಮ್ ಮುಂದೇನೇ ನಿಂತಿದ್ಲಲ್ಲ ಆಂಟಿ... ದಿನಾ ನಾವು..." ಅವಳು ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು.

ಅವರು ಅವಳನ್ನೇ ಕೇಳಿದರು. "ಆಕಿ ಎಲ್ಲಿ ನಿಂದ್ರತಿದ್ದಳು ತಾಯಿ?"

ಶಿರೀನ್ ಕೈ ತೋರಿಸಿದಳು. ಕಟ್ಟೆ ಮುಗಿಯುವ ಕಡೆ, ಕರೆಂಟಿನ ಪೆಟ್ಟಿಗೆಯ ಪಕ್ಕ, ಒಂದು ಮೊಳ ಜಾಗ. ಅಲ್ಲಿ ಮರದ ನೆರಳು ಬರುವುದಿಲ್ಲ.

ಅವರು ಹೋಗಿ ಅಲ್ಲಿ ನಿಂತರು.

"ಹೊರಡಿ ಯಜಮಾನ್ರೇ" ಅಂದ ಶೇಖರಪ್ಪ. "ಇಲ್ಲಿ ಹೀಗೆಲ್ಲ..."

"ಕುಂತಿಲ್ಲಲ್ಲಪ್ಪ" ಅಂದರು ಅವರು. "ನಿಂತೀನಿ. ನಿಂದ್ರಲಿಕ್ಕ ಏನೂ ಅಡ್ಡಿ ಇಲ್ಲಲ್ಲ ಇಲ್ಲಿ?"

ಶೇಖರಪ್ಪ ಹಿಂದಕ್ಕೆ ಸರಿದ. ಸುತ್ತಿಗೆಯನ್ನು ತನ್ನ ಕುರ್ಚಿಯ ಕೆಳಗಿಟ್ಟು ಬಂದ. ಬಂದವನು ತಾನೂ ಕೂರಲಿಲ್ಲ.

ಊಟದ ಹೊತ್ತು ಮುಗಿಯಿತು. ಒಳಗೆ ಹೋಗಿ ನೆಲ ಒರೆಸಿದೆ. ಗಾಜಿನಾಚೆ ಕಾಣುತ್ತಿದ್ದರು. ಬಿಸಿಲಲ್ಲಿ ನಿಂತಿದ್ದರು. ಒಂದು ಕಾಲಿನ ಭಾರ ಇನ್ನೊಂದು ಕಾಲಿಗೆ ಬದಲಿಸುತ್ತಿದ್ದರು. ಮೇಲಿನ ಮಹಡಿ ಒರೆಸುವಾಗ ಮತ್ತೆ ಇಣುಕಿದೆ. ಸಣ್ಣಗೆ ಕಂಡರು. ಕಟ್ಟೆಯ ಮೇಲಿನ ಎಲೆಗಳು ಅಲ್ಲಿಂದ ನಿಜವಾದ ಎಲೆಗಳಂತೆಯೇ ಕಾಣುತ್ತಿದ್ದವು.

ಸಂಜೆ ಹೊರಗೆ ಬಂದಾಗ ಇನ್ನೂ ಅಲ್ಲೇ ನಿಂತಿದ್ದರು. "ನಡೀರಿ" ಅಂದೆ. ಅವರು ಹೆಜ್ಜೆ ಎತ್ತಲು ನೋಡಿದರು. ಆಗಲಿಲ್ಲ. ಕಾಲು ಮರಗಟ್ಟಿದ್ದವು. ನನ್ನ ಭುಜ ಹಿಡಿದುಕೊಂಡರು.

"ಆಕಿ ಹೆಂಗ ನಿಂತಳೋ ಸಾಬವ್ವ" ಅಂದರು. "ನಾ ಒಬ್ಬನೇ ಇದ್ದೆ. ಆಕಿ ಇಬ್ಬರಿದ್ದಳು."